ಹೆಸರು ನಂಬಬೇಡಿ, ಶ್ರುತಿ ಕೇಳಿ: ಮ್ಯಾಂಡೋಲಿನ್ ಕುಟುಂಬದ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಮ್ಯಾಂಡೋಲಿನ್ ಅನ್ನುವ ನಾಲ್ಕು ಜೋಡಿ ತಂತಿಯ ವಾದ್ಯದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಬಹುತೇಕ ಎಲ್ಲರದ್ದೂ ಒಂದೇ ಗೊಂದಲ. ಮ್ಯಾಂಡೋಲಾ, ಮ್ಯಾಂಡೋಲಿನೋ, ಮ್ಯಾಂಡೋಲೋನೆ, ಲಿಯುತೋ ಅಂತ ಇಟಲಿಯವರು ಇಟ್ಟ ಹೆಸರುಗಳಲ್ಲಿ ಯಾವುದು ಯಾವ ವಾದ್ಯ? ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಹಳೇ ವಾದ್ಯ ಕೊಂಡೆ. ಮಾರಿದವರು ‘ಇದು ಮ್ಯಾಂಡೋಲಾ, ದೊಡ್ಡ ಸೈಜಿನ ಮ್ಯಾಂಡೋಲಿನ್ ಅಷ್ಟೇ’ ಅಂದರು. ಶ್ರುತಿ ತೋರಿಸುವ ಟ್ಯೂನರ್ ಹಚ್ಚಿ ಮ್ಯಾಂಡೋಲಿನ್‌ನ ಜಿ, ಡಿ, ಎ, ಇ ಸ್ವರಗಳಿಗೆ ಕೂರಿಸೋಕೆ ಹೋದರೆ ಇ ತಂತಿ ಪ್ರತಿ ಸಲ ಕಿತ್ತುಹೋಗುತ್ತದೆ. ಇನ್ನೂ ದಪ್ಪ ತಂತಿ ಹಾಕಿ ನೋಡಿ ಅಂತ ಅಂಗಡಿಯವರು ಹೇಳುತ್ತಾರೆ. ತಂತಿಯ ಉದ್ದ ಅಳೆದೆ, 43 ಸೆಂಟಿಮೀಟರ್ ಇದೆ. ಏನು ಮಾಡಲಿ?
ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಮೊದಲು ಆ ತಂತಿ ಬಿಗಿ ಮಾಡುವುದನ್ನು ನಿಲ್ಲಿಸಿ ಸಾರ್. ವಾದ್ಯದಲ್ಲಿ ದೋಷ ಇಲ್ಲ, ತಂತಿಯಲ್ಲೂ ಇಲ್ಲ. ನೀವು ಕೂರಿಸುತ್ತಿರುವ ಶ್ರುತಿ ಆ ವಾದ್ಯದ್ದಲ್ಲ.

ಸಾಮಾನ್ಯ ಮ್ಯಾಂಡೋಲಿನ್‌ನಲ್ಲಿ ಮೇಲಿನ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಹಲಗೆಯ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಕುದುರೆ) ತಂತಿಯ ಉದ್ದ 33ರಿಂದ 35 ಸೆಂಟಿಮೀಟರ್ ಇರುತ್ತದೆ. ಅದರ ಕೊನೆಯ ಜೋಡಿ ಇ, ಅಂದರೆ ಸುಮಾರು 659 ಹರ್ಟ್ಜ್, ಸೆಕೆಂಡಿಗೆ ಅಷ್ಟು ಸಲ ಕಂಪನ. ಅಷ್ಟು ಗಿಡ್ಡ ಉದ್ದದಲ್ಲಿ ಉಕ್ಕಿನ ತಂತಿ ಇದನ್ನು ತಡೆದುಕೊಳ್ಳುತ್ತದೆ. ಅದೇ ಸ್ವರವನ್ನು ಉದ್ದದ ತಂತಿಯಿಂದ ತೆಗೆಯಬೇಕು ಅಂದರೆ ಇನ್ನೂ ಜಾಸ್ತಿ ಎಳೆಯಬೇಕು, 43 ಸೆಂಟಿಮೀಟರಿನಲ್ಲಿ 659ಕ್ಕೆ ಹೋಗುವ ಹೊತ್ತಿಗೆ ಉಕ್ಕೇ ಕಿತ್ತುಬರುತ್ತದೆ.

ದಪ್ಪ ತಂತಿಯಿಂದ ಇದು ಸರಿಹೋಗುವುದಿಲ್ಲ. ದಪ್ಪಗಿದ್ದರೆ ತಾಕತ್ತು ಜಾಸ್ತಿ, ನಿಜ. ಆದರೆ ತೂಕವೂ ಅಷ್ಟೇ ಜಾಸ್ತಿ, ಹಾಗಾಗಿ ಅದೇ ಸ್ವರಕ್ಕೆ ತರಲು ಇನ್ನೂ ಜೋರಾಗಿ ಎಳೆಯಬೇಕು. ಕೊನೆಗೆ ತೆಳು ತಂತಿ ಯಾವ ಸ್ವರದಲ್ಲಿ ಕಿತ್ತುಹೋಯಿತೋ ದಪ್ಪದ್ದೂ ಹೆಚ್ಚುಕಮ್ಮಿ ಅಲ್ಲೇ ಹೋಗುತ್ತದೆ. ಅಷ್ಟರೊಳಗೆ ಆ ಎಳೆತಕ್ಕೆ ವಾದ್ಯದ ಕತ್ತು ಬಾಗಬಹುದು, ಮೇಲಿನ ಹಲಗೆ ಕುಸಿಯಬಹುದು. ಒಂದು ತಂತಿ ಹೋದರೆ ಹೊಸದು ಹಾಕಬಹುದು, ಹಲಗೆ ಹೋದರೆ ಕಷ್ಟ.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಸಿ, ಜಿ, ಡಿ, ಎ. ಹರ್ಟ್ಜ್‌ನಲ್ಲಿ ಹೇಳುವುದಾದರೆ 131, 196, 294, 440. ಇದು ಪಾಶ್ಚಾತ್ಯ ಸಂಗೀತದಲ್ಲಿ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ ವಾದ್ಯದ ಶ್ರುತಿ. ಇನ್ನೊಂದು, ಜಿ, ಡಿ, ಎ, ಇ ಅಂತಲೇ ಇಟ್ಟುಕೊಂಡು ಒಂದು ಸ್ಥಾಯಿ ಕೆಳಗೆ ಇಳಿಸುವುದು: 98, 147, 220, 330. ಇದಕ್ಕೆ ದಪ್ಪ ತಂತಿಯ ಬೇರೆ ಸೆಟ್ಟೇ ಬೇಕು, ಈಗಿರುವ ತಂತಿಯನ್ನೇ ಸಡಿಲ ಮಾಡಿದರೆ ಸುಮ್ನೆ ಪಟಪಟ ಅನ್ನುತ್ತದೆ. ಅಂಗಡಿಯಲ್ಲಿ ‘ಮ್ಯಾಂಡೋಲಾ ಸೆಟ್ ಕೊಡಿ’ ಅಂದಷ್ಟೇ ಹೇಳಬೇಡಿ. ಯಾವ ಸ್ವರಕ್ಕೆ, ಎಷ್ಟು ಉದ್ದಕ್ಕೆ, ಎರಡನ್ನೂ ಬರೆದುಕೊಂಡು ಹೋಗಿ.

ಟ್ಯೂನರ್ ಬಗ್ಗೆಯೂ ಒಂದು ಮಾತು. ವಾದ್ಯದ ತಲೆಗೆ ಸಿಕ್ಕಿಸುವ ಚಿಕ್ಕ ಟ್ಯೂನರ್‌ಗಳು ಬಹಳಷ್ಟು ‘ಇ’ ಅಂತ ಮಾತ್ರ ತೋರಿಸುತ್ತವೆ, ಯಾವ ಸ್ಥಾಯಿಯ ಇ ಅಂತ ತೋರಿಸುವುದಿಲ್ಲ. ಹರ್ಟ್ಜ್ ಸಂಖ್ಯೆ ತೋರಿಸುವಂಥದ್ದು ಸಿಕ್ಕರೆ ಈ ತಾಪತ್ರಯವೇ ಇಲ್ಲ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿನಿ, ವಾರಾಂತ್ಯದಲ್ಲಿ ಬೆಂಗಳೂರಿಗೆ ಹೋಗಿ ಒಂದು ಚಿಕ್ಕ ಗುಂಪಿನ ಜೊತೆ ಮ್ಯಾಂಡೋಲಿನ್ ನುಡಿಸುತ್ತೇನೆ. ಇಟಲಿಯ ಒಂದು ಸ್ವರಲಿಪಿಯಲ್ಲಿ ಮ್ಯಾಂಡೋಲಾ ಭಾಗ ನನಗೆ ಬಂದಿದೆ. ಮ್ಯಾಂಡೋಲಾ ಅಂದರೆ ಸಿ, ಜಿ, ಡಿ, ಎ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಆದರೆ ಹಾಗೆ ನುಡಿಸಿದರೆ ಬೆರಳು ಎಲ್ಲೆಲ್ಲೋ ಓಡಬೇಕಾಗುತ್ತದೆ. ಯಾರು ಸರಿ?
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಇಬ್ಬರೂ ಸರಿ ನೋಡಮ್ಮ, ದೇಶ ಬೇರೆ ಅಷ್ಟೇ. ನಿಮ್ಮ ಮೇಷ್ಟ್ರು ಹೇಳಿದ್ದು ಅಮೆರಿಕದ ಅರ್ಥ. ಅಲ್ಲಿ ಮ್ಯಾಂಡೋಲಾ ಅಂದರೆ ಮ್ಯಾಂಡೋಲಿನ್‌ಗಿಂತ ಐದು ಸ್ವರ ಕೆಳಗಿನದು, ಸಿ, ಜಿ, ಡಿ, ಎ. ಇಟಲಿಯ ಮ್ಯಾಂಡೋಲಿನ್ ವಾದ್ಯಗೋಷ್ಠಿಯಲ್ಲಿ ಸಾಮಾನ್ಯವಾಗಿ ಮ್ಯಾಂಡೋಲಾ ಅಂದರೆ ಪೂರ್ತಿ ಒಂದು ಸ್ಥಾಯಿ ಕೆಳಗಿನ ಜಿ, ಡಿ, ಎ, ಇ. ಇದನ್ನೇ ಅಮೆರಿಕದವರು ಆಕ್ಟೇವ್ ಮ್ಯಾಂಡೋಲಿನ್ ಅನ್ನುತ್ತಾರೆ, ಬ್ರಿಟನ್ನಿನವರು ಆಕ್ಟೇವ್ ಮ್ಯಾಂಡೋಲಾ ಅನ್ನುತ್ತಾರೆ. ಇನ್ನು ‘ಟೆನರ್’ ಅನ್ನುವ ಪದ ಸೇರಿತು ಅಂದರೆ ಗೊಂದಲ ಪೂರ್ತಿಯಾಯಿತು. ಇಂಗ್ಲಿಷ್‌ನಲ್ಲಿ ಟೆನರ್ ಮ್ಯಾಂಡೋಲಾ ಅಂದರೆ ಸಿ, ಜಿ, ಡಿ, ಎ. ಇಟಲಿಯಲ್ಲಿ ಮ್ಯಾಂಡೋಲಾ ತೆನೋರೆ ಅಂದರೆ ಜಿ, ಡಿ, ಎ, ಇ. ಒಂದೇ ಹೆಸರು, ಎರಡು ವಾದ್ಯ!

ನಿಮ್ಮ ಸ್ವರಲಿಪಿಯನ್ನು ಇನ್ನೊಮ್ಮೆ ನೋಡಿ. ಮೇಲ್ಗಡೆ ‘ಇನ್ ಸೋಲ್’ ಅಂತ ಇದ್ದರೆ ಕೆಳಗಿನ ಮೊದಲ ತಂತಿ ಜಿ, ಅಂದರೆ ಒಂದು ಸ್ಥಾಯಿ ಕೆಳಗಿನ ಮ್ಯಾಂಡೋಲಾ. ‘ಇನ್ ದೋ’ ಅಂತ ಇದ್ದರೆ ಸಿ. ಈ ಎರಡನೆಯದಕ್ಕೆ ಇಟಲಿಯಲ್ಲಿ ಮ್ಯಾಂಡೋಲಾ ಕಾಂತ್ರಾಲ್ತೋ ಅಂತಲೂ ಮ್ಯಾಂಡೋಲಿಯೋಲಾ ಅಂತಲೂ ಹೆಸರಿದೆ. ಇನ್ ಸೋಲ್ ಆಗಿದ್ದರೆ ಸ್ವರಲಿಪಿಯನ್ನು ಸಾಮಾನ್ಯವಾಗಿ ಮ್ಯಾಂಡೋಲಿನ್‌ನದ್ದೇ ಟ್ರೆಬಲ್ ಕ್ಲೆಫ್‌ನಲ್ಲಿ (ಮೇಲಿನ ಸ್ವರಗಳಿಗೆ ಬಳಸುವ ಗುರುತು) ಬರೆದಿರುತ್ತಾರೆ, ನೀವು ಮ್ಯಾಂಡೋಲಿನ್ ನುಡಿಸಿದ ಹಾಗೇ ಬೆರಳಿಡುತ್ತೀರಿ, ಕೇಳಿಸುವುದು ಮಾತ್ರ ಒಂದು ಸ್ಥಾಯಿ ಕೆಳಗೆ. ಬೆರಳು ಓಡಬೇಕಾಗುತ್ತದೆ ಅಂತ ಬರೆದಿದ್ದೀರಲ್ವಾ, ಅದನ್ನು ನೋಡಿದರೆ ನಿಮ್ಮದು ಇನ್ ಸೋಲ್ ಭಾಗವೇ.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ಎಡವಟ್ಟಾಗುತ್ತದೆ. ನಮ್ಮ ಸ ಎಲ್ಲಿ ಬೇಕಾದರೂ ಕೂರುತ್ತದೆ, ಹಾಡುವವರ ಶ್ರುತಿಗೆ ತಕ್ಕಂತೆ. ಇಟಲಿಯವರ ದೋ ಹಾಗಲ್ಲ, ಅದು ಯಾವಾಗಲೂ ಸಿ. ರೆ ಅಂದರೆ ಡಿ, ಮಿ ಅಂದರೆ ಇ, ಸೋಲ್ ಅಂದರೆ ಜಿ, ಲಾ ಅಂದರೆ ಎ. ಹಾಗಾಗಿ ಮ್ಯಾಂಡೋಲಿನ್ ತಂತಿಗಳು ಅವರ ಬಾಯಲ್ಲಿ ಸೋಲ್, ರೆ, ಲಾ, ಮಿ. ದೋ ಅಂದರೆ ಸ ಅಂದುಕೊಂಡು ಓದಲು ಹೋದರೆ ಏನೂ ಕೈಗೆ ಹತ್ತುವುದಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಕನ್ನಡ ಮೇಷ್ಟ್ರು. ಲಿನೋ, ಲೋನೆ, ಚೆಲ್ಲೋ ಅಂತ ಬಾಲ ಬದಲಾಗುತ್ತಾ ಹೋಗುವುದರಲ್ಲಿ ಏನಾದರೂ ಕ್ರಮ ಇದೆಯೇ? ಬಾದಾಮಿಯಿಂದ ಈ ಹೆಸರು ಬಂತು ಅಂತ ಕೇಳಿದ್ದೇನೆ, ನಿಜವೇ?
ಓದುಗರು, ಮಧುಗಿರಿ

ಉತ್ತರ: ಕ್ರಮ ಇದೆ, ಬಹಳ ಚೆನ್ನಾಗಿದೆ. ನಾವು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಅಂತ ಗಾತ್ರವನ್ನು ಹೆಸರಿನ ಮುಂದೆ ಇಡುತ್ತೇವೆ, ಇಟಲಿಯವರು ಹೆಸರಿನ ಹಿಂದೆ ಅಂಟಿಸುತ್ತಾರೆ. ‘ಇನೋ’ ಬಂದರೆ ಚಿಕ್ಕದು, ‘ಓನೆ’ ಬಂದರೆ ದೊಡ್ಡದು. ಇಲ್ಲಿ ತಾಯಿ ಮ್ಯಾಂಡೋಲಾ, ಮ್ಯಾಂಡೋಲಿನ್ ಅಲ್ಲ. ಮ್ಯಾಂಡೋಲಾದ ಚಿಕ್ಕದು ಮ್ಯಾಂಡೋಲಿನೋ, ದೊಡ್ಡದು ಮ್ಯಾಂಡೋಲೋನೆ. ಆಮೇಲೆ ಆ ದೊಡ್ಡದಕ್ಕೇ ಮತ್ತೆ ಚಿಕ್ಕದರ ಬಾಲ ‘ಚೆಲ್ಲೋ’ ಸೇರಿಸಿ ಮ್ಯಾಂಡೋಲೋಂಚೆಲ್ಲೋ ಮಾಡಿದರು, ಅಂದರೆ ದೊಡ್ಡದರಲ್ಲಿ ಚಿಕ್ಕದು.

ಇದೇ ಬಾಲಗಳು ಪಿಟೀಲು ಕುಟುಂಬದಲ್ಲೂ ಇವೆ. ವಯೋಲಾ, ಅದರ ಚಿಕ್ಕದು ವಯೊಲಿನೋ, ದೊಡ್ಡದು ವಯೊಲೋನೆ, ದೊಡ್ಡದರಲ್ಲಿ ಚಿಕ್ಕದು ವಯೊಲೋಂಚೆಲ್ಲೋ. ನಾವು ಚೆಲ್ಲೋ ಅನ್ನುತ್ತೇವಲ್ಲ, ಅದು ಈ ಉದ್ದ ಹೆಸರಿನ ಬಾಲ ಮಾತ್ರ. ಶ್ರುತಿಯೂ ಜೊತೆಜೊತೆಗೇ ಹೋಗುತ್ತದೆ. ಮ್ಯಾಂಡೋಲಿನ್‌ಗೆ ವಯೊಲಿನ್ ಶ್ರುತಿ, ಮ್ಯಾಂಡೋಲಿಯೋಲಾಗೆ ವಯೋಲಾ ಶ್ರುತಿ, ಮ್ಯಾಂಡೋಲೋಂಚೆಲ್ಲೋಗೆ ಚೆಲ್ಲೋ ಶ್ರುತಿ, ಕೆಳಗಿನ ಸಿ ಸುಮಾರು 65 ಹರ್ಟ್ಜ್.

ಮ್ಯಾಂಡೋಲೋನೆ ಮಾತ್ರ ಈಗ ನುಡಿಸುವವರ ಕೈಯಲ್ಲಿ ಕಾಣಿಸುವುದು ಅಪರೂಪ. ಅದು 18ನೇ ಶತಮಾನದ ದೊಡ್ಡ ಮಂದ್ರ ವಾದ್ಯ, ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯದ್ದು, ಜೋಡಿಗಳು ಏಳು ಎಂಟರವರೆಗೂ ಇರುತ್ತಿದ್ದವು. ಆಮೇಲೆ ಬಂದ ಉಕ್ಕಿನ ತಂತಿಯ ಮ್ಯಾಂಡೋಲೋಂಚೆಲ್ಲೋ ಅದರ ಜಾಗ ಹಿಡಿಯಿತು. ಮ್ಯಾಂಡೋಲಿನ್‌ಗಿಂತ ಚಿಕ್ಕವೂ ಇವೆ. ತೆರ್ಜಿನೋ ಮತ್ತು ಕ್ವಾರ್ತಿನೋ. ಹೆಸರೇ ಹೇಳುವ ಹಾಗೆ ಒಂದು ಮೂರು ಸ್ವರ ಮೇಲಿನದು, ಇನ್ನೊಂದು ನಾಲ್ಕು ಸ್ವರ ಮೇಲಿನದು.

ಬಾದಾಮಿ ವಿಚಾರ. ಇಟಾಲಿಯನ್‌ನಲ್ಲಿ ಬಾದಾಮಿಗೆ ಮಾಂದೊರ್ಲಾ ಅನ್ನುತ್ತಾರೆ, ವಾದ್ಯದ ಹೊಟ್ಟೆಯೂ ಬಾದಾಮಿಯ ಹಾಗೇ ಇದೆ, ಅದಕ್ಕೇ ಆ ಕಥೆ ಹುಟ್ಟಿಕೊಂಡಿದೆ. ನಿಘಂಟುಗಳು ಹಿಡಿಯುವ ದಾರಿ ಬೇರೆ. ಮಾಂಡೋರಾ ಅನ್ನುವ ಹಳೇ ವಾದ್ಯ, ಅದರ ಹಿಂದೆ ಗ್ರೀಕರ ಪಂಡೂರಾ. ನನಗೂ ಈ ದಾರಿಯೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ತಾತನ ಟ್ರಂಕಿನಲ್ಲಿ ಒಂದು ಹಳೇ ಮ್ಯಾಂಡೋಲಿನ್ ಸಿಕ್ಕಿದೆ. ತಾತ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಹಿಂಭಾಗ ದುಂಡಗೆ ಬುರುಡೆಯ ಹಾಗಿದೆ, ಒಳಗಿನ ಚೀಟಿಯಲ್ಲಿ ‘ಫಾಬ್ರಿಕಾ ದಿ ಮ್ಯಾಂಡೋಲಿನಿ, ಕತಾನಿಯಾ’ ಅಂತ ಇದೆ. ಫಾಬ್ರಿಕಾ ಅನ್ನುವವರು ದೊಡ್ಡ ಕಲಾವಿದರೇ? ಮಗಳು ಕಲಿಯಬೇಕು ಅನ್ನುತ್ತಿದ್ದಾಳೆ, ಯಾವ ತಂತಿ ಹಾಕಿಸಲಿ?
ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಉತ್ತರ: ಫಾಬ್ರಿಕಾ ದಿ ಮ್ಯಾಂಡೋಲಿನಿ ಅಂದರೆ ಮ್ಯಾಂಡೋಲಿನ್ ಕಾರ್ಖಾನೆ, ಅದು ಯಾರ ಹೆಸರೂ ಅಲ್ಲ. ಮ್ಯಾಂಡೋಲಿನಿ ಅನ್ನುವುದು ಬಹುವಚನ. ಕತಾನಿಯಾ ಸಿಸಿಲಿ ದ್ವೀಪದ ಊರು, 20ನೇ ಶತಮಾನದ ಶುರುವಿನಲ್ಲಿ ಅಲ್ಲಿಂದ ಕಮ್ಮಿ ಬೆಲೆಯ ಮ್ಯಾಂಡೋಲಿನ್‌ಗಳು ರಾಶಿ ರಾಶಿ ಹೊರದೇಶಗಳಿಗೆ ಹೋಗುತ್ತಿದ್ದವು. ಹಾಗಂತ ನಿಮ್ಮದನ್ನು ಮೂಲೆಗೆ ಹಾಕಬೇಡಿ. ಮಗಳು ಕಲಿಯುವುದಕ್ಕೆ ಅದು ಧಾರಾಳ ಸಾಕು, ತಾತನದ್ದು ಅನ್ನುವುದಕ್ಕೆ ಬೆಲೆ ಬೇರೆಯೇ ಇದೆ.

ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿ. ವೀಣೆಯ ಕೊಡವನ್ನು ಹಲಸಿನ ಮರದ ದಿಮ್ಮಿಯಿಂದ ಕಡೆದು ತೆಗೆಯುತ್ತಾರೆ. ಇದು ಹಾಗಲ್ಲ. ತೆಳ್ಳನೆಯ ಮರದ ಪಟ್ಟಿಗಳನ್ನು ಕಾಯಿಸಿ ಬಗ್ಗಿಸಿ, ಅಚ್ಚಿನ ಮೇಲೆ ಒಂದರ ಪಕ್ಕ ಒಂದು ಅಂಟಿಸಿ ಮಾಡಿದ್ದು. ಪಟ್ಟಿಗಳ ನಡುವೆ ಎಲ್ಲಾದರೂ ಬೆಳಕು ನುಸುಳಿದರೆ ಅಲ್ಲಿ ಅಂಟು ಬಿಟ್ಟಿದೆ ಅಂತ ಅರ್ಥ. ಮೊದಲು ಅದನ್ನು ಸರಿಮಾಡಿಸಿ, ತಂತಿ ಆಮೇಲೆ. ಮೇಲಿನ ಹಲಗೆ ಬ್ರಿಡ್ಜ್‌ನ ಹತ್ತಿರ ಹಿಂದಕ್ಕೆ ಬಾಗಿರುವುದು ಕಾಣಿಸಿದರೆ ಗಾಬರಿ ಬೇಡ, ಇಟಲಿಯ ನೇಪಲ್ಸ್ ಊರಿನ ಮಾದರಿಯೇ ಹಾಗೆ. ಆದರೆ ಬ್ರಿಡ್ಜ್‌ನ ಕೆಳಗೆ ಗುಳಿ ಬಿದ್ದಿದ್ದರೆ ಅದು ಹಲಗೆ ಕುಸಿದದ್ದು.

ತಂತಿ ಅಂಗಡಿಗೆ ಹೋದರೆ ಈಗಿನ ಚಪ್ಪಟೆ ಬೆನ್ನಿನ ಅಮೆರಿಕನ್ ಮ್ಯಾಂಡೋಲಿನ್‌ಗೆ ಹಾಕುವ ಸೆಟ್ಟನ್ನೇ ಕೊಡುತ್ತಾರೆ. ಬೇಡ. ಅದು ನಿಮ್ಮ ವಾದ್ಯಕ್ಕೆ ಭಾರ. ‘ಎಕ್ಸ್ಟ್ರಾ ಲೈಟ್’ ಅಂತ ಬರೆದದ್ದನ್ನೇ ಕೇಳಿ, ಇ ತಂತಿಯ ದಪ್ಪ ಒಂದು ಇಂಚಿನ ಸಾವಿರದಲ್ಲಿ 9 ಭಾಗದ ಆಸುಪಾಸು ಇರಬೇಕು. ತುದಿಯಲ್ಲಿ ಕುಣಿಕೆ ಇರುವ ತಂತಿ ಬೇಕು, ಗಿಟಾರಿನ ಹಾಗೆ ಗುಂಡು ಇರುವುದಲ್ಲ. ಬ್ರಿಡ್ಜ್ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ಮುಂದೆ ತಂತಿ ಬದಲಾಯಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದೇ ಜೋಡಿ ಬದಲಾಯಿಸಿ, ಆಗ ಬ್ರಿಡ್ಜ್ ಜರುಗುವುದಿಲ್ಲ. ಮೊದಲ ಸಲ ಕೂರಿಸುವಾಗ ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಮೆಟ್ಟಿಲು) ಒತ್ತಿ ನುಡಿಸಿ, ಖಾಲಿ ತಂತಿಯ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ ಬರಬೇಕು. ಏರಿದ್ದರೆ ಬ್ರಿಡ್ಜ್ ಅನ್ನು ಸ್ವಲ್ಪ ಹಿಂದಕ್ಕೆ, ಅಂದರೆ ಕತ್ತಿನಿಂದ ದೂರಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ.

ಪ್ರಶ್ನೆ: 18ನೇ ಶತಮಾನದ ಇಟಲಿಯ ಸಂಗೀತ ರಚನೆಕಾರ ವಿವಾಲ್ಡಿ ಮ್ಯಾಂಡೋಲಿನ್‌ಗೆ ಬರೆದಿದ್ದಾರಂತೆ. ಆಗಿನದ್ದೂ ಈಗಿನದ್ದೂ ಒಂದೇ ವಾದ್ಯವೇ?
ಓದುಗರು, ಶಿರಾ

ಉತ್ತರ: ಹೆಸರು ಒಂದೇ, ವಾದ್ಯ ಬೇರೆ. ಆ ಕಾಲದ ಮ್ಯಾಂಡೋಲಿನೋ ಕರುಳಿನ ತಂತಿಯದ್ದು, ಬ್ರಿಡ್ಜ್ ಹಲಗೆಗೇ ಅಂಟಿರುತ್ತಿತ್ತು, ಬೆರಳಿನಿಂದಲೂ ನುಡಿಸುತ್ತಿದ್ದರು. ಪಿಟೀಲಿಗೆ ಹೆಸರಾದ ಸ್ತ್ರಾದಿವಾರಿ ಕೂಡ ಅಂಥ ಮ್ಯಾಂಡೋಲಿನೋ ಮಾಡಿದ್ದಾರೆ. ಅದರ ಮುಂದುವರಿಕೆ ಮಿಲಾನೀಸ್ ಅಥವಾ ಲೊಂಬಾರ್ಡ್ ಮ್ಯಾಂಡೋಲಿನ್, ಆರು ತಂತಿ, ಶ್ರುತಿ ಜಿ, ಬಿ, ಇ, ಎ, ಡಿ, ಜಿ. ನಾವು ಈಗ ಮ್ಯಾಂಡೋಲಿನ್ ಅನ್ನುವುದು 18ನೇ ಶತಮಾನದ ನಡುವಿನಲ್ಲಿ ನೇಪಲ್ಸ್‌ನಲ್ಲಿ ರೂಪ ಪಡೆದ ಮ್ಯಾಂಡೋಲಿನೋ ನಾಪೊಲಿತಾನೋ, ನಾಲ್ಕು ಜೋಡಿಯದ್ದು. ಅಲ್ಲಿನ ವಿನಾಚ್ಚಿಯಾ ಮನೆತನದವರು ಅದರ ಹೆಸರಾಂತ ತಯಾರಕರು. ಅದೇ ಮನೆಯ ಪಾಸ್ಕ್ವಾಲೆ ವಿನಾಚ್ಚಿಯಾ 19ನೇ ಶತಮಾನದಲ್ಲಿ ಉಕ್ಕಿನ ತಂತಿ, ಹಲ್ಲಿನ ಚಕ್ರದ ಬಿರಡೆ, ಉದ್ದನೆಯ ಫ್ರೆಟ್ ಹಲಗೆ ತಂದು ಅದನ್ನು ಈಗಿನ ರೂಪಕ್ಕೆ ತಂದರು. ರೋಮ್‌ನಲ್ಲಿ ಲುಯಿಜಿ ಎಂಬರ್ಗರ್ (1856–1943) ಮಾಡಿದ್ದಕ್ಕೆ ರೊಮಾನೋ ಅನ್ನುತ್ತಾರೆ. ವಾದ್ಯದ ಹೆಸರಿನ ಹಿಂದೆ ಊರಿನ ಹೆಸರು ಕಂಡರೆ ಅದು ಬರೀ ಅಲಂಕಾರ ಅಂದುಕೊಳ್ಳಬೇಡಿ, ತಂತಿಯ ಲೆಕ್ಕವೇ ಬದಲಾಗಿರಬಹುದು.

ಪ್ರಶ್ನೆ: ರಾಫೇಲೆ ಕಲಾಚೆ ಅವರ ‘ಲಿಯುತೋ’ ಸಂಗೀತ ಕೇಳಿದೆ. ಲಿಯುತೋ ಅಂದರೆ ಲ್ಯೂಟ್ ಅಲ್ಲವೇ? ಕೇಳಿದರೆ ದೊಡ್ಡ ಮ್ಯಾಂಡೋಲಿನ್ ಹಾಗಿದೆ.
ಓದುಗರು, ಗೌರಿಬಿದನೂರು

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ಲಿಯುತೋ ಅನ್ನುವ ಪದಕ್ಕೆ ಲ್ಯೂಟ್ (ಯುರೋಪಿನ ಹಳೇ ಮೀಟುವ ತಂತಿವಾದ್ಯ) ಅಂತಲೇ ಅರ್ಥ, ಆದರೆ ಮ್ಯಾಂಡೋಲಿನ್ ಲೋಕದಲ್ಲಿ ಲಿಯುತೋ ಅಂದರೆ ಲಿಯುತೋ ಕಾಂತಾಬಿಲೆ, ಲಿಯುತೋ ಮೊದೆರ್ನೋ ಅಂತಲೂ ಕರೆಯುತ್ತಾರೆ. ಅದು ಐದು ಜೋಡಿಯ ಮ್ಯಾಂಡೋಲೋಂಚೆಲ್ಲೋ. ಸಿ, ಜಿ, ಡಿ, ಎ ಮೇಲೆ ಇನ್ನೊಂದು ಇ ಜೋಡಿ. ಆ ಒಂದು ಜೋಡಿ ಸೇರಿದ್ದರಿಂದ ಮಂದ್ರದ ಗಾಂಭೀರ್ಯವೂ ಉಳಿಯುತ್ತದೆ, ಮೇಲಿನ ರಾಗವನ್ನು ಹಾಡಿದ ಹಾಗೆ ನುಡಿಸುವುದಕ್ಕೂ ಆಗುತ್ತದೆ. ನೇಪಲ್ಸ್‌ನ ಕಲಾಚೆ (1863–1934) ತಾವೇ ವಾದ್ಯ ಮಾಡುತ್ತಿದ್ದವರು, ತಾವೇ ಬರೆದು ತಾವೇ ನುಡಿಸುತ್ತಿದ್ದವರು. ಈ ವಾದ್ಯವನ್ನು ತಿದ್ದಿ ತೀಡಿ ಪೂರ್ಣ ಮಾಡಿದ ಹೆಗ್ಗಳಿಕೆ ಅವರದ್ದು. ಮ್ಯಾಂಡೋಲಿನ್ ಕುಟುಂಬದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದನಿ ಇದೇ. ಮಧ್ಯಾಹ್ನ ಸದ್ದುಗದ್ದಲದಲ್ಲಿ ಕೇಳಬೇಡಿ, ಕೆಳಗಿನ ಸಿ ಜೋಡಿ ಮೊಬೈಲ್ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.

ಪ್ರಶ್ನೆ: ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿಯುತ್ತಿದ್ದೇನೆ. ಶ್ರುತಿ ಒಂದೇ ಅಂದರಲ್ಲ, ಹಾಗಾದರೆ ಮ್ಯಾಂಡೋಲಿನ್ ಸಲೀಸಾಗಿ ಬರುತ್ತದೆಯೇ?
ಓದುಗರು, ಕೋಲಾರ

ಉತ್ತರ: ಪಾಶ್ಚಾತ್ಯ ಪಿಟೀಲಿನವರಿಗೆ ಬೆರಳು ತಾನಾಗಿ ಹೋಗುತ್ತದೆ. ನಿಮ್ಮ ಪಿಟೀಲು ಸ, ಪ, ಸ, ಪ. ಮ್ಯಾಂಡೋಲಿನ್‌ನಲ್ಲಿ ಪಕ್ಕಪಕ್ಕದ ಎಲ್ಲ ಜೋಡಿಗಳ ನಡುವೆಯೂ ಸದಿಂದ ಪಗೆ ಇರುವಷ್ಟೇ ಅಂತರ. ನಿಮ್ಮದರಲ್ಲಿ ನಡುವಿನ ಪದಿಂದ ಸಗೆ ಅಂತರ ಅದಕ್ಕಿಂತ ಕಮ್ಮಿ. ಹಾಗಾಗಿ ಕೆಳಗಿನ ಎರಡು ತಂತಿಯಲ್ಲಿ ಕಲಿತದ್ದು ಹಾಗೇ ಬರುತ್ತದೆ, ಮೂರನೆಯದಕ್ಕೆ ದಾಟುವಾಗ ತಪ್ಪುತ್ತದೆ. ಮೇಲಿನ ಎರಡು ಜೋಡಿಯನ್ನು ಒಂದು ಸ್ವರ ಇಳಿಸಿ ಸ, ಪ, ಸ, ಪ ಮಾಡಿಕೊಂಡರೆ ಆಯಿತು. ಇಳಿಸುವುದರಿಂದ ತಂತಿಗೆ ಅಪಾಯ ಇಲ್ಲ.

ಪ್ರಶ್ನೆ: ಯು. ಶ್ರೀನಿವಾಸ್ ಅವರ ಮ್ಯಾಂಡೋಲಿನ್‌ಗೆ ಇಟಲಿಯವರ ಪಟ್ಟಿಯಲ್ಲಿ ಯಾವ ಹೆಸರು?
ಓದುಗರು, ಚಿಂತಾಮಣಿ

ಉತ್ತರ: ಆ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ, ಅದು ಅವರೇ ಒಗ್ಗಿಸಿಕೊಂಡ ವಾದ್ಯ. ಶ್ರೀನಿವಾಸ್ (1969–2014) ಹುಟ್ಟಿದ್ದು ಆಂಧ್ರದ ಪಾಲಕೊಲ್ಲುವಿನಲ್ಲಿ. ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೋಲಿನ್ ನುಡಿಸುವುದು ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ವಾದ್ಯಕ್ಕೆ ಇಳಿಸುತ್ತಿದ್ದ. ಜೋಡಿ ತಂತಿಯಲ್ಲಿ ಗಮಕ ಕಷ್ಟ. ಎರಡನ್ನೂ ಸಮನಾಗಿ ಎಳೆಯಬೇಕು, ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಸ್ವರ ಒಡೆದು ಕೇಳಿಸುತ್ತದೆ. ಮಾಮೂಲಿ ಮ್ಯಾಂಡೋಲಿನ್‌ನ ನಾದ ಬೇಗ ಆರಿಹೋಗುತ್ತದೆ, ಎಳೆದ ಸ್ವರ ದಡ ಮುಟ್ಟುವುದರೊಳಗೆ ಶಬ್ದವೇ ಇರುವುದಿಲ್ಲ. ಇಟಲಿಯವರು ಅದಕ್ಕೇ ಪ್ಲೆಕ್ಟ್ರಮ್ ಅನ್ನು (ತಂತಿ ಮೀಟುವ ಚಿಕ್ಕ ಬಿಲ್ಲೆ) ಮೇಲೆ ಕೆಳಗೆ ಜೋರಾಗಿ ಓಡಿಸಿ ಟ್ರೆಮೊಲೋ, ಅಂದರೆ ಒಂದೇ ಸ್ವರ ಬಿಡದೆ ನಡುಗುವ ಹಾಗೆ ಮಾಡುತ್ತಾರೆ. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೋಲಿನ್ ಹಿಡಿದು ಒಂಟಿ ತಂತಿಗಳನ್ನು ಹಾಕಿಕೊಂಡರು, ಐದನೆಯದೊಂದನ್ನೂ ಸೇರಿಸಿದರು. ಹಾಗಾಗಿ ನಾದವೂ ನಿಂತಿತು, ಎಳೆತಕ್ಕೂ ಜಾಗ ಸಿಕ್ಕಿತು.

ನೀವು ಮನೆಯಲ್ಲಿರುವ ಎಂಟು ತಂತಿಯದ್ದರಲ್ಲೇ ಶುರು ಮಾಡುವುದಾದರೆ ಪ್ರತಿ ಜೋಡಿಯಿಂದ ಒಂದೊಂದು ತಂತಿ ತೆಗೆದುಬಿಡಿ. ತಂತಿಯ ದನಿ ಹಿಡಿಯುವ ಒಂದು ಪಿಕಪ್ ಅಂಟಿಸಿ ಚಿಕ್ಕ ಆಂಪ್ಲಿಫೈಯರ್‌ಗೆ ಜೋಡಿಸಿ, ಮಾಯಾಮಾಳವಗೌಳದ ಸರಳೆಯಿಂದ ಹಿಡಿಯಿರಿ. ಗಮಕಕ್ಕೆ ಅವಸರ ಬೇಡ, ಮೊದಲು ಒಂಟಿ ತಂತಿಯ ಸ್ವರ ಗಟ್ಟಿಯಾಗಲಿ.